‘ಮಂಡೆಬಿಸಿ’ ಅಂದಾಗ ಏನು ಕೇಳಿಸಿಕೊಳ್ಳಬೇಕು?

ನಮ್ಮ ಕರಾವಳಿಯಲ್ಲಿ ‘ಮಂಡೆಬಿಸಿ’ ಎಂಬ ಒಂದು ಶಬ್ದಕ್ಕೆ ವಿಪರೀತ ಕೆಲಸ. ಬಸ್ ತಪ್ಪಿದರೂ ಮಂಡೆಬಿಸಿ, ಮಗಳ ಮದುವೆಗೆ ಹಾಲ್ ಸಿಗದಿದ್ದರೂ ಮಂಡೆಬಿಸಿ, ಇಂಟರ್ನಲ್ಸ್‌ನಲ್ಲಿ ಇಪ್ಪತ್ತಕ್ಕೆ ಆರು ಬಂದರೂ ಮಂಡೆಬಿಸಿ. ಮೂರು ವಾರದಿಂದ ನಿದ್ದೆ ಇಲ್ಲದೆ, ನಾಳೆ ಬೆಳಗಾಗುವುದೇ ಬೇಡ ಅನಿಸುತ್ತಿರುವ ಹುಡುಗನೂ ಅದನ್ನೇ ಹೇಳುತ್ತಾನೆ: “ಏನಿಲ್ಲ ಸರ್, ಸ್ವಲ್ಪ ಮಂಡೆಬಿಸಿ.” ಕೇಳಿದವರ ಬಾಯಲ್ಲಿ ಉತ್ತರವೂ ಸಿದ್ಧವಿರುತ್ತದೆ: “ಅದೆಲ್ಲ ಇರ್ತದೆ ಮಾರಾಯ, ಮಲಗಿ ಎದ್ರೆ ಸರಿಯಾಗ್ತದೆ.”

ನಾನೂ ಹಾಗೆ ಹೇಳಿದವನೇ. ಮಂಗಳೂರಿನ ಹೊರವಲಯದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೆಲವು ಮಳೆಗಾಲದ ಹಿಂದೆ, ಮೂರನೇ ಸೆಮಿಸ್ಟರಿನ ಒಬ್ಬ ಹುಡುಗ ನನ್ನ ಹತ್ತಿರ ಎರಡು ಸಲ ಮಂಡೆಬಿಸಿ ಅಂದಿದ್ದ. ಎರಡೂ ಸಲ ನಾನು ಅವನ ರಜಾ ಅರ್ಜಿಗೆ ಸಹಿ ಹಾಕಿ ಕಳಿಸಿದ್ದೆ. ಮೂರನೇ ಸಲ ಬಂದದ್ದು ಅವನಲ್ಲ, ಅವನ ರೂಮ್‌ಮೇಟ್. ಕೊಡೆಯಿಂದ ನೀರು ಇಳಿಯುತ್ತಾ ಇತ್ತು, ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹೇಳಿದ: “ಸರ್, ಅವ ಊಟಕ್ಕೆ ಬರುದಿಲ್ಲ. ರಾತ್ರಿ ಇಡೀ ಲೈಟ್ ಹಾಕಿಯೇ ಇರ್ತಾನೆ. ನಿನ್ನೆ ನನ್ನತ್ರ ತಗೊಂಡಿದ್ದ ಇನ್ನೂರು ರೂಪಾಯಿ ವಾಪಸ್ ಕೊಟ್ಟ. ಅವ ಹಾಗೆಲ್ಲ ಕೊಡುವವ ಅಲ್ಲ ಸರ್.”

ಈ ಕೊನೆಯ ಮಾತು ಕೇಳಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಸಂಜೆ ಕ್ಯಾಂಟೀನಿನ ಹಿಂದಿನ ಮೆಟ್ಟಿಲಲ್ಲಿ ಹುಡುಗನ ಪಕ್ಕ ಕೂತು, ಮಾರ್ಕ್ಸು, ಮನೆ, ಊರಿನ ಅಡಿಕೆ ಕೊಳೆರೋಗ ಎಲ್ಲ ಮಾತಾಡಿ ಮುಗಿಸಿ, ಕೊನೆಗೆ ಕೇಳಿದೆ: “ಬದುಕುವುದೇ ಬೇಡ ಅಂತ ಅನಿಸ್ತದಾ? ಸಾಯುವ ಯೋಚನೆ ಬರ್ತದಾ?”

ಅವನು ಮಳೆ ನೋಡುತ್ತಾ ಕೂತ. ಆಮೇಲೆ, “ದಿನಾ ಇಲ್ಲ ಸರ್. ರಾತ್ರಿ ಮಾತ್ರ.”

(ಗುರುತು ಸಿಗುವ ವಿವರಗಳನ್ನು ಬದಲಿಸಿ, ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಓದುತ್ತಿರುವ ನಿಮಗೇ ಈಗ ಹಾಗೆ ಅನಿಸುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಮೊದಲು 14416ಕ್ಕೆ ಕರೆ ಮಾಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ದಿನದ 24 ಗಂಟೆಯೂ ಉಂಟು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಲ್ಲವಾದರೆ ಪಕ್ಕದ ರೂಮಿನ ಬಾಗಿಲು ತಟ್ಟಿ.)

ಆ ಪ್ರಶ್ನೆ ಕೇಳಲು ನನಗೆ ಅಷ್ಟು ಹೊತ್ತು ಹಿಡಿದದ್ದು ಹೆದರಿಕೆಯಿಂದ. ನಾನೇ ಬಾಯಿಬಿಟ್ಟು ಕೇಳಿದರೆ, ಇಲ್ಲದ ಯೋಚನೆಯನ್ನು ತಲೆಗೆ ಹಾಕಿದ ಹಾಗೆ ಆಗುವುದಿಲ್ಲವೇ ಎಂಬ ಹೆದರಿಕೆ. ಹೆಚ್ಚಿನ ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ ಇರುವುದು ಇದೇ. ಈ ಬಗ್ಗೆ ನಡೆದ ಅಧ್ಯಯನಗಳು ಹೇಳುವುದು ಬೇರೆಯೇ. ನೇರವಾಗಿ ಕೇಳಿದ್ದರಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವುದಿಲ್ಲ. ಎಷ್ಟೋ ಜನರಿಗೆ ಒಳಗಿನ ಒತ್ತಡ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಅಲ್ಲಿಯವರೆಗೆ ಅದು ಒಬ್ಬರೇ ಹೊತ್ತ ಗುಟ್ಟು. ಕೇಳುವ ರೀತಿ ಮಾತ್ರ ಸರಿಯಿರಬೇಕು. “ಹಾಗೆಲ್ಲ ಹುಚ್ಚು ಯೋಚನೆ ಮಾಡ್ತಾ ಇಲ್ಲ ತಾನೇ?” ಅಂದರೆ ಅದು ಪ್ರಶ್ನೆಯಲ್ಲ, ‘ಇಲ್ಲ’ ಎಂದು ಹೇಳು ಎಂಬ ಅಪ್ಪಣೆ.

ಲೆಕ್ಕದ ಮಾತು ಸ್ವಲ್ಪ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2023ರಲ್ಲಿ ದೇಶದಲ್ಲಿ 1,71,418 ಜನ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,892 ಮಂದಿ ವಿದ್ಯಾರ್ಥಿಗಳು, ಅಂದರೆ ಶೇ. 8.1. ಜಗತ್ತಿನ ಮಟ್ಟದಲ್ಲಿ 15ರಿಂದ 29 ವಯಸ್ಸಿನವರ ಸಾವಿನ ಕಾರಣಗಳಲ್ಲಿ ಇದು ಮೂರನೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬ್ಯೂರೋದ ವರದಿಯಲ್ಲಿ ‘ಕಾರಣ’ ಎಂದೊಂದು ಕಾಲಂ ಉಂಟು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ‘ಪರೀಕ್ಷೆಯಲ್ಲಿ ಅನುತ್ತೀರ್ಣ’ ಎಂಬುದು ಅಲ್ಲಿ ಶೇ. 2ನ್ನೂ ದಾಟುವುದಿಲ್ಲ. ದೊಡ್ಡ ಪಾಲು ‘ಕೌಟುಂಬಿಕ ಸಮಸ್ಯೆ’ಗೆ, ಆಮೇಲಿನದು ‘ಅನಾರೋಗ್ಯ’ಕ್ಕೆ. ಆ ಕಾಲಂ ತುಂಬಿಸುವುದು ಪೊಲೀಸ್ ತನಿಖೆ. ಒಬ್ಬ ಮನುಷ್ಯನ ಸಾವಿಗೆ ಒಂದೇ ಕಾರಣ ಬರೆಯಬೇಕೆಂಬ ಕಾಲಂ ಅದು. ಅಂಥ ಸಾವು ಒಂದೇ ಕಾರಣಕ್ಕೆ ಆಗುವುದೇ ಇಲ್ಲ. ಪತ್ರಿಕೆಯಲ್ಲಿ ಬರುವ ‘ಮಾರ್ಕ್ಸ್ ಕಡಿಮೆ ಬಂದದ್ದಕ್ಕೆ’, ‘ಅಪ್ಪ ಮೊಬೈಲ್ ಕೊಡದ್ದಕ್ಕೆ’ ಎಂಬ ಸಾಲುಗಳನ್ನು ನಾನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು. ಮಾರ್ಕ್ಸ್ ಕಡಿಮೆ ಬಂದ ಸಾವಿರ ಮಂದಿ ನನ್ನ ಮುಂದೆಯೇ ದಾಟಿ ಹೋಗಿದ್ದಾರೆ.

ಹಾಗಾದರೆ ಒಳಗೆ ನಡೆಯುವುದೇನು? ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ಒಂದು ವಿವರಣೆ ನನಗೆ ತರಗತಿಯಲ್ಲಿ ಕಣ್ಣಿಗೆ ಕಾಣುವಂಥದ್ದು. ಸಾಯುವ ಬಯಕೆ ಗಟ್ಟಿಯಾಗುವುದು ಎರಡು ಭಾವನೆಗಳು ಒಟ್ಟಿಗೆ ಸೇರಿದಾಗ ಎನ್ನುತ್ತಾರೆ ಅವರು: ‘ನಾನು ಯಾರಿಗೂ ಸೇರಿದವನಲ್ಲ’ ಎಂಬುದೊಂದು, ‘ನಾನು ಎಲ್ಲರಿಗೂ ಭಾರ’ ಎಂಬುದು ಇನ್ನೊಂದು. ಬಯಕೆಯೊಂದೇ ಸಾಲದು, ನೋವಿನ, ಸಾವಿನ ಸಹಜ ಹೆದರಿಕೆಯೂ ಸವೆದಿರಬೇಕು. ಅದು ಅವರ ಮೂರನೆಯ ಎಳೆ.

‘ಭಾರ’ ಎಂಬುದು ಮಂಗಳೂರು–ಉಡುಪಿಯ ಕಾಲೇಜುಗಳಲ್ಲಿ ಹೇಗೆ ಹುಟ್ಟುತ್ತದೆ ನೋಡಿ. ಇವು ಓದಿನ ಜಿಲ್ಲೆಗಳು. ಮಂಗಳೂರಿನ ಅಲೋಶಿಯಸ್ ಶುರುವಾದದ್ದು 1880ರಲ್ಲಿ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು (ಈಗಿನ ಎನ್‌ಐಟಿಕೆ) 1960ರಲ್ಲಿ, ಕೊಣಾಜೆಯ ವಿಶ್ವವಿದ್ಯಾನಿಲಯ 1980ರಲ್ಲಿ. ಈಗ ದೇರಳಕಟ್ಟೆಯಲ್ಲಿ ನಿಂತು ಕಲ್ಲೆಸೆದರೆ ಯಾವುದಾದರೂ ಒಂದು ಮೆಡಿಕಲ್ ಕಾಲೇಜಿನ ಗೇಟಿಗೆ ತಾಗುತ್ತದೆ. 2024ರ ದ್ವಿತೀಯ ಪಿಯುಸಿಯಲ್ಲಿ ಶೇ. 97.37 ಪಡೆದು ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಶೇ. 93.90ರೊಂದಿಗೆ ಮೊದಲು, ದಕ್ಷಿಣ ಕನ್ನಡ ಹಿಂದೆಯೇ. ಪ್ರತಿ ವರ್ಷ ಇದು ನಮಗೆ ಹೆಮ್ಮೆ. ಊರಿನ ಜಂಕ್ಷನ್ನಿನಲ್ಲಿ ಫ್ಲೆಕ್ಸ್ ಏಳುತ್ತದೆ, ಹುಡುಗನ ಪಾಸ್‌ಪೋರ್ಟ್ ಫೋಟೊ ಬಾಗಿಲಿನಷ್ಟು ದೊಡ್ಡದಾಗುತ್ತದೆ, ಭಜನಾ ಮಂದಿರದಲ್ಲಿ ಶಾಲು ಹೊದೆಸುತ್ತಾರೆ.

ಅದೇ ಹುಡುಗ ಆಗಸ್ಟಿನಲ್ಲಿ ನನ್ನ ತರಗತಿಯಲ್ಲಿ ಕೂರುತ್ತಾನೆ. ಅಲ್ಲಿರುವ ಅರವತ್ತೂ ಮಂದಿ ಫ್ಲೆಕ್ಸ್ ಏರಿದವರೇ. ಆ ಅರವತ್ತರಲ್ಲಿ ಮೂವತ್ತು ಮಂದಿ ಪಟ್ಟಿಯ ಕೆಳಗಿನ ಅರ್ಧದಲ್ಲಿ ಬರಲೇಬೇಕು, ಅದು ಗಣಿತ. ಆದರೆ ಹದಿನೆಂಟು ವರ್ಷ ಮಾರ್ಕ್ಸನ್ನೇ ತನ್ನ ಹೆಸರು ಎಂದುಕೊಂಡವನಿಗೆ ಅದು ಗಣಿತದ ಹಾಗೆ ಕೇಳಿಸುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ಬ್ಯಾಕ್ ಬಿದ್ದ ಕೂಡಲೇ ಅವನು ಊರಿಗೆ ಹೋಗುವುದನ್ನು ಕಡಿಮೆ ಮಾಡುತ್ತಾನೆ. ಹೋದರೆ ಬಸ್ಸಿನಲ್ಲೇ ಯಾರಾದರೂ ಕೇಳುತ್ತಾರಲ್ಲ, “ಎಂತ, ರ‍್ಯಾಂಕಾ?” ಮನೆಯಲ್ಲಿ ಎಜುಕೇಶನ್ ಲೋನು. ಅಪ್ಪ ತೋಟದ ಪಾಲು ಅಡ ಇಟ್ಟಿದ್ದಾರೆ ಅಥವಾ ಗಲ್ಫಿನಲ್ಲಿ ಇನ್ನೂ ಎರಡು ವರ್ಷ ಹೆಚ್ಚು ದುಡಿಯಲು ಒಪ್ಪಿದ್ದಾರೆ. “ನಿನಗೋಸ್ಕರವೇ ಇದೆಲ್ಲ” ಎಂಬ ಮಾತು ಪ್ರೀತಿಯಿಂದ ಬಂದದ್ದೇ. ಆದರೆ ಸೋತವನ ಕಿವಿಗೆ ಅದು ಬಿಲ್ಲಿನ ಹಾಗೆ ಕೇಳುತ್ತದೆ. ಲೆಕ್ಕ ಹಾಕುತ್ತಾನೆ: ನಾನು ಇಲ್ಲದಿದ್ದರೆ ಇವರಿಗೆ ಇಷ್ಟು ಉಳಿಯುತ್ತಿತ್ತು. ಈ ಲೆಕ್ಕ ಸಂಪೂರ್ಣ ತಪ್ಪು. ಆ ಹೊತ್ತಿಗೆ ಅದು ಅವನಿಗೆ ತಪ್ಪಾಗಿ ಕಾಣುವುದೇ ಇಲ್ಲ, ಅಪಾಯವಿರುವುದು ಅಲ್ಲಿ.

ಇನ್ನು ‘ಯಾರಿಗೂ ಸೇರಿದವನಲ್ಲ’ ಎಂಬುದು. ಕೇರಳದಿಂದ ನರ್ಸಿಂಗಿಗೆ ಬಂದ ಹುಡುಗಿ, ಉತ್ತರ ಭಾರತದಿಂದ ಮಣಿಪಾಲಕ್ಕೆ ಬಂದ ಹುಡುಗ. ಇವರು ಬಂದಿಳಿಯುವುದು ಹೆಚ್ಚಾಗಿ ನಮ್ಮ ಮಳೆಗಾಲದಲ್ಲೇ. ಒಣಗದ ಬಟ್ಟೆ, ಒಗ್ಗದ ಕುಚ್ಚಲಕ್ಕಿ, ಅರ್ಥವಾಗದ ತುಳು, ತಿಂಗಳುಗಟ್ಟಲೆ ಬಿಡದ ಮಳೆ. ಉತ್ತರ ಕರ್ನಾಟಕದಿಂದ ಬಂದವರಿಗೆ ನಮ್ಮ ಕನ್ನಡವೂ ಅರ್ಧ ಹೊರಗಿನದೇ. ಅವರ ಮಾತನ್ನು ಆಡಿ ತೋರಿಸಿ ನಗುವವರೂ ಇದ್ದಾರೆ, ಮೇಷ್ಟ್ರುಗಳೂ ಸೇರಿ. ಜಾತಿ ಕೇಳಿ ದೂರ ಇಡುವುದು, ಸೀನಿಯರ್‌ಗಳ ಕಾಟ, ಪ್ರೀತಿ ಮುರಿದದ್ದನ್ನು ಇಡೀ ಬ್ಯಾಚಿನ ವಾಟ್ಸಾಪ್ ಗ್ರೂಪು ಆಡಿಕೊಳ್ಳುವುದು, ಎಲ್ಲವೂ ಇದೇ ಎಳೆಗೆ ಗಂಟು ಹಾಕುತ್ತವೆ. ಊರಿನವನೇ ಆದರೂ ತಪ್ಪಿಸಿಕೊಳ್ಳುತ್ತಾನೆ ಎಂದಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ಸುಳ್ಯದಿಂದ ಬಸ್ ಹತ್ತಿ ರಾತ್ರಿ ಎಂಟಕ್ಕೆ ಮನೆ ಸೇರುವವನಿಗೆ ಗೆಳೆಯರೆಂದರೆ ಕ್ಲಾಸಿನ ಮಧ್ಯದ ಹತ್ತು ನಿಮಿಷ.

ಇದರ ಜೊತೆಗೆ ವಯಸ್ಸು. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24 ವರ್ಷದೊಳಗೇ ಶುರುವಾಗಿರುತ್ತವೆ ಎಂದು ಅಮೆರಿಕದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ತೋರಿಸಿತು. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾ ಮೊದಲ ಸಲ ತಲೆಯೆತ್ತುವುದು ಬಹಳ ಮಟ್ಟಿಗೆ ಹಾಸ್ಟೆಲಿನ ವರ್ಷಗಳಲ್ಲೇ. ಅಂದರೆ ‘ಸೋಮಾರಿ ಆಗಿದ್ದಾನೆ’, ‘ಫೋನ್ ಹುಚ್ಚು’ ಎಂದು ನಾವು ಬೈಯುವವರಲ್ಲಿ ಕೆಲವರಿಗೆ ಆಗಿರುವುದು ಕಾಯಿಲೆ, ಔಷಧಿ ಇರುವ ಕಾಯಿಲೆ.

ಹುಡುಗನ ‘ರಾತ್ರಿ ಮಾತ್ರ’ ಎಂಬ ಮಾತಿಗೆ ಬರೋಣ. ಆತ್ಮಹತ್ಯೆಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಎಡ್ವಿನ್ ಶ್ನೈಡ್‌ಮನ್, ಆ ಹೊತ್ತಿನಲ್ಲಿ ಮನಸ್ಸು ‘ಸಂಕುಚಿಸುತ್ತದೆ’ ಎಂದಿದ್ದರು. ಸುರಂಗದಲ್ಲಿ ರೈಲು ಹೋದ ಹಾಗೆ ಅಂತ ನನ್ನ ಹುಡುಗರಿಗೆ ನಾನು ಹೇಳುವುದುಂಟು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಘಾಟಿ ಇಳಿದವರಿಗೆ ಮಾತು ಅರ್ಥವಾಗುತ್ತದೆ. ಸುರಂಗದೊಳಗೆ ಇರುವಾಗ ಹೊರಗೆ ಕಾಡು, ತೊರೆ ಇಲ್ಲವೆಂದಲ್ಲ; ಕಾಣುವುದಿಲ್ಲ ಅಷ್ಟೆ. ಸಾಯುವವರಿಗೆ ಸಾವೇ ಬೇಕಾಗಿರುತ್ತದೆ ಎಂಬುದು ಹೆಚ್ಚಿನ ಸಲ ನಿಜವಲ್ಲ. ಅವರಿಗೆ ಬೇಕಾಗಿರುವುದು ತಡೆಯಲಾರದ ನೋವು ನಿಲ್ಲುವುದು. ಮತ್ತು ಆ ತೀವ್ರತೆ ಅಲೆಯ ಹಾಗೆ: ಏರುತ್ತದೆ, ಕೆಲವು ನಿಮಿಷವೋ ಗಂಟೆಗಳೋ ನೆತ್ತಿಯಲ್ಲಿ ನಿಲ್ಲುತ್ತದೆ, ಇಳಿಯುತ್ತದೆ. ಹಾಗಾಗಿಯೇ ಆ ರಾತ್ರಿ ಒಬ್ಬರು ಜೊತೆಗಿರುವುದು, ಅಪಾಯ ತರಬಹುದಾದ್ದನ್ನು ಕೈಗೆ ಸಿಗದಂತೆ ಇಡುವುದು, ಬೆಳಗಾಗುವ ತನಕ ಹೊತ್ತು ಕಳೆಯುವುದು, ನೋಡಲು ಚಿಕ್ಕದಾದರೂ, ಜೀವ ಉಳಿಸುವ ಕೆಲಸಗಳು. ನಿದ್ದೆಗೆಟ್ಟ ರಾತ್ರಿಗಳು ಸಾಲಾಗಿ ಬಂದರೆ ಅಲೆ ಇನ್ನೂ ಎತ್ತರಕ್ಕೇರುತ್ತದೆ.

ಗೆಳೆಯರಿಗೆ ಕಾಣುವ ಸೂಚನೆಗಳ ಬಗ್ಗೆ ಭಿತ್ತಿಪತ್ರಗಳಲ್ಲಿ ಉದ್ದ ಪಟ್ಟಿ ಇರುತ್ತದೆ. ನನ್ನ ಅನುಭವದಲ್ಲಿ ಪಟ್ಟಿಗಿಂತ ಆ ರೂಮ್‌ಮೇಟ್ ಹೇಳಿದ ಮಾತು ಮೇಲು: ಅವ ಹಾಗೆಲ್ಲ ಮಾಡುವವ ಅಲ್ಲ. ಸಾಲ ತೀರಿಸದವ ತೀರಿಸಿದರೆ, ಪ್ರೀತಿಯ ಗಿಟಾರನ್ನು ಯಾರಿಗೋ ಕೊಟ್ಟರೆ, ವಾರಗಟ್ಟಲೆ ಒದ್ದಾಡಿದವಳು ಕಾರಣವಿಲ್ಲದೆ ಒಂದೇ ದಿನದಲ್ಲಿ ಶಾಂತಳಾದರೆ, ಜೋರಾಗಿ ನಗುವವ ಗ್ರೂಪಿನಿಂದ ಮೆಲ್ಲಗೆ ಹೊರಟುಹೋದರೆ ಕೇಳಬೇಕು. “ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ” ಎಂಬ ಮಾತನ್ನು ತಮಾಷೆ ಎಂದುಕೊಳ್ಳಬಾರದು. ‘ಹೇಳುವವರು ಮಾಡಿಕೊಳ್ಳುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ, ಅದು ಸುಳ್ಳು. ಹೌದು ಎಂಬ ಉತ್ತರ ಬಂದರೆ ಗುಟ್ಟು ಕಾಪಾಡುವ ಆಣೆ ಹಾಕಬೇಡಿ. ಒಬ್ಬರನ್ನೇ ಬಿಡಬೇಡಿ. ತಕ್ಷಣದ ಅಪಾಯ ಅನಿಸಿದರೆ 112 ಅಥವಾ 108, ಇಲ್ಲವೇ ಹತ್ತಿರದ ಆಸ್ಪತ್ರೆಯ ಕ್ಯಾಶುವಲ್ಟಿ.

ಪತ್ರಿಕೆಗಳ ಮೇಲೆ ನನ್ನದೊಂದು ತಕರಾರು ಉಂಟು. ‘ಸಾವಿಗೆ ಶರಣು’ ಎಂದು ಹೆಡ್‌ಲೈನ್ ಹಾಕುತ್ತೇವಲ್ಲ, ಶರಣು ಎಂಬುದು ಕನ್ನಡದಲ್ಲಿ ಎಂಥ ಶಬ್ದ! ದೇವರಿಗೆ, ಗುರುವಿಗೆ ಹೇಳುವ ಮಾತು. ಆಶ್ರಯ ಎಂಬ ಅರ್ಥ ಅದರೊಳಗೇ ಇದೆ. ಸುರಂಗದಲ್ಲಿರುವ ಹುಡುಗ ಬೆಳಿಗ್ಗೆ ಅದನ್ನು ಓದಿದರೆ ಸಾವು ಒಂದು ಆಶ್ರಯ ಎಂದೇ ಓದಿಕೊಳ್ಳುತ್ತಾನೆ. ಹೇಗೆ ಸತ್ತರು ಎಂಬುದನ್ನು ವಿವರಿಸಬಾರದು, ಸುದ್ದಿಯನ್ನು ಮುಖ್ಯ ಜಾಗದಲ್ಲಿ ರಾಚಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ತಂದಿದೆ. ಒಂದು ಸಾವಿನ ವಿವರಗಳು ಹರಡಿದಷ್ಟೂ ಅದೇ ವಯಸ್ಸಿನ, ಅದೇ ಸ್ಥಿತಿಯ ಇತರರಿಗೆ ಅಪಾಯ ಏರುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. ಕಷ್ಟ ದಾಟಿ ಬಂದವರ ಕತೆ ಹರಡಿದರೆ ಇದರ ತದ್ವಿರುದ್ಧವೂ ಆಗುತ್ತದೆ. ಕಾಲೇಜಿನ ದುರಂತದ ಫೋಟೊ ಫಾರ್ವರ್ಡ್ ಮಾಡುವ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಯಾವ ಮಂಡಳಿಯೂ ಇಲ್ಲ.

ಆಸ್ಪತ್ರೆ ಅಂದ ಕೂಡಲೇ ಆ ಹುಡುಗ ಕೇಳಿದ ಪ್ರಶ್ನೆಗಳು ಮೂರು. ಮನೆಗೆ ಗೊತ್ತಾಗ್ತದಾ? ಪೊಲೀಸ್ ಕೇಸ್ ಆಗ್ತದಾ? ಪ್ಲೇಸ್‌ಮೆಂಟಿಗೆ ತೊಂದರೆಯಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ. ಹದಿನೆಂಟು ತುಂಬಿದವರ ವಿಷಯವನ್ನು ಡಾಕ್ಟರು ಮನೆಗೆ ಹೇಳಬೇಕೆಂದಿಲ್ಲ. ಜೀವಕ್ಕೆ ಅಪಾಯವಿದ್ದಾಗ, ಮತ್ತೆ ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳಲ್ಲಿ, ಗೋಪ್ಯತೆಗೆ ವಿನಾಯಿತಿ ಉಂಟು. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ ಅದೇ ಕಾಯ್ದೆಯ 115ನೇ ಸೆಕ್ಷನ್. ಪ್ರಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರಕಾರಿ ನೌಕರನ ಮೇಲೆ ಒತ್ತಡ ಹೇರಲು ಹಾಗೆ ಮಾಡುವುದಷ್ಟೇ ಅದರಲ್ಲಿ ಅಪರಾಧ. ಪ್ಲೇಸ್‌ಮೆಂಟಿಗೆ ಬರುವ ಕಂಪನಿಯ ಕೈಗೆ ಆಸ್ಪತ್ರೆಯ ಚೀಟಿ ಹೋಗುವುದಿಲ್ಲ.

ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಎರಡೂ ಜಿಲ್ಲೆಗಳ ಮೆಡಿಕಲ್ ಕಾಲೇಜುಗಳು, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ — ಮನೋವೈದ್ಯರು ನಮ್ಮಲ್ಲಿ ರಾಜ್ಯದ ಬೇರೆಡೆಗಿಂತ ಹತ್ತಿರದಲ್ಲಿದ್ದಾರೆ. ಆದರೂ ಹೋಗುವವರು ಕಡಿಮೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಚಿಕಿತ್ಸೆ ಬೇಕಾದವರಲ್ಲಿ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92 ಮಂದಿಗೆ ಅದು ಸಿಕ್ಕಿರಲಿಲ್ಲ. ಹೋದವರೂ ಹತ್ತು ದಿನಕ್ಕೆ ಮಾತ್ರೆ ಬಿಡುತ್ತಾರೆ, ‘ಪ್ರಯೋಜನ ಇಲ್ಲ’ ಎಂದು. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಇಪ್ಪತ್ತೈದರೊಳಗಿನ ಕೆಲವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವುದೂ ಉಂಟು. ಹಾಗಾದರೆ ಅದನ್ನು ಡಾಕ್ಟರಿಗೆ ಅದೇ ದಿನ ಹೇಳಬೇಕು, ತಾನಾಗಿ ನಿಲ್ಲಿಸಬಾರದು.

ಕಾಲೇಜುಗಳು ಏನು ಮಾಡಬೇಕು? 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ: ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಕೌನ್ಸೆಲರ್ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು, ಸಹಾಯವಾಣಿಯ ನಂಬರು ಹಾಸ್ಟೆಲಿನಲ್ಲಿ ಎದ್ದು ಕಾಣಬೇಕು. ಒಳ್ಳೆಯದೇ. ಆದರೆ ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಇರುವುದು ‘ಮೆಂಟರ್’ ಪದ್ಧತಿ. ಒಬ್ಬ ಮೇಷ್ಟ್ರಿಗೆ ಇಪ್ಪತ್ತು ಮಂದಿ, ಒಂದು ಪುಸ್ತಕ, ತಿಂಗಳಿಗೊಂದು ಸಹಿ. ಅಟೆಂಡೆನ್ಸ್ ಶಾರ್ಟೇಜ್ ಬರೆಯುವವನೂ ನಾನೇ, ಇಂಟರ್ನಲ್ಸ್ ಕೊಡುವವನೂ ನಾನೇ, ‘ಮನಸ್ಸು ಬಿಚ್ಚಿ ಹೇಳು’ ಎನ್ನುವವನೂ ನಾನೇ. ಯಾವ ಹುಡುಗಿ ಹೇಳುತ್ತಾಳೆ? ಕೌನ್ಸೆಲರ್ ಇದ್ದಲ್ಲೂ ಅವರ ಕೋಣೆ ಪ್ರಿನ್ಸಿಪಾಲರ ಚೇಂಬರಿನ ಎದುರಿಗಿದ್ದರೆ ಕತೆ ಮುಗಿಯಿತು. ಹಿಂಬಾಗಿಲಿರುವ ಒಂದು ಕೋಣೆ ಕೊಟ್ಟರೆ ಹತ್ತು ಸೆಮಿನಾರಿನಷ್ಟು ಉಪಯೋಗವಾದೀತು.

ಹುಡುಗನನ್ನು ಮರುದಿನ ರಿಕ್ಷಾದಲ್ಲಿ ಕರೆದುಕೊಂಡು ಹೋದದ್ದು ನಾನು ಮತ್ತು ಆ ರೂಮ್‌ಮೇಟ್. ಡಾಕ್ಟರು ಮಾತ್ರೆ ಬರೆದರು, ಅದಕ್ಕಿಂತ ಹೆಚ್ಚು ಹೊತ್ತು ಒಂದು ಹಾಳೆಯ ಮೇಲೆ ಅವನಿಂದಲೇ ಬರೆಸಿದರು. ಸುರಕ್ಷತಾ ಯೋಜನೆ ಅನ್ನುತ್ತಾರೆ ಅದಕ್ಕೆ. ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಇಬ್ಬರು ರೂಪಿಸಿದ ಕ್ರಮ. ಅಲೆ ಏರುತ್ತಿದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬನೇ ಏನು ಮಾಡಬಲ್ಲೆ, ಯಾರ ಹತ್ತಿರ ಹೋಗಿ ಸುಮ್ಮನೆ ಕೂರಬಲ್ಲೆ, ಯಾರಿಗೆ ಬಾಯಿಬಿಟ್ಟು ಹೇಳಬಲ್ಲೆ, ಯಾವ ಡಾಕ್ಟರು, ಯಾವ ನಂಬರು, ಕೋಣೆಯಿಂದ ಏನನ್ನು ಹೊರಗಿಡಬೇಕು. ತಲೆ ಸರಿಯಿರುವಾಗ ಬರೆದಿಟ್ಟದ್ದು, ಸುರಂಗದಲ್ಲಿ ಓದಲಿಕ್ಕೆ.

ಎಷ್ಟೋ ತಿಂಗಳ ಮೇಲೆ ಅವನು ಅದನ್ನು ನನಗೆ ತೋರಿಸಿದ. ಮೊಬೈಲಿನ ಹಿಂದಿನ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ, ಅಂಚು ಸವೆದಿತ್ತು. ಮೊದಲ ಸಾಲು: ‘ಹನ್ನೊಂದರ ನಂತರ ಪಿಯುಸಿ ಗ್ರೂಪಿನಲ್ಲಿ ಯಾರಿಗೆ ಎಷ್ಟು ಅಂತ ನೋಡಲು ಶುರು ಮಾಡಿದರೆ.’ ಎರಡನೆಯದು: ‘ಫೋನ್ ರೂಮಲ್ಲಿ ಬಿಟ್ಟು ಕೆಳಗೆ ಇಳಿಯುವುದು.’ ಮೂರನೆಯದರಲ್ಲಿ ಗೆಳೆಯರ ಹೆಸರಿರಲಿಲ್ಲ, ನನ್ನದೂ ಇರಲಿಲ್ಲ. ‘ಗೇಟಿನ ವಾಚ್‌ಮನ್’ ಎಂದು ಬರೆದಿತ್ತು.

ವಾಚ್‌ಮನ್ ಯಾಕೆ ಅಂತ ಕೇಳಿದೆ.

“ಅವರ ಹತ್ರ ರೇಡಿಯೊ ಉಂಟು ಸರ್. ಮತ್ತೆ ಅವರು ಮಾರ್ಕ್ಸ್ ಕೇಳುದಿಲ್ಲ.”